ಅಮಾಸಿಗೊಮ್ಮೆ ಬದಲಾಗುತ್ತಿದ್ದ ನಂಬರು

ಯುಗಾದಿಯ ಮರುದಿನ ಬೆಳಿಗ್ಗೆ ಅಫಜಲಪುರದ ನಮ್ಮ ಆಫೀಸಿನ ಬಾಗಿಲು ತೆಗೆಯುತ್ತಿದ್ದೆ, ಫೋನು ಬಂತು. ಭೀಮಾ ಹೊಳೆಯ ದಂಡೆಯಲ್ಲಿ ರೈತರ ಮೋಟಾರುಗಳನ್ನು ಕಾಯುವ ಕಾವಲುಗಾರ.

“ಮೇಡಮ್ರಿ, ಕ್ಯಾಮೆರಾ ಸತ್ತದ್ರಿ. ಮೊನ್ನಿತನಾ ಬರೋಬರ್ ಕಾಣತಿತ್ತು. ಈಗ ನೋಡಿದ್ರ ಬರೀ ಕರ್ರಗ ಅದ.”

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಕ್ಯಾಮೆರಾದ ಮೇಲೆ. ಅದನ್ನು ಹಾಕಿ ಒಂದು ತಿಂಗಳೂ ಆಗಿರಲಿಲ್ಲ. ಕೈಯಾರೆ ನಾನೇ ಹಾಕಿದ್ದೆ. ನಾನು ಮಾಡಿದ ಕೆಲಸ ಹಾಗೆಲ್ಲ ಕೆಡುವುದಿಲ್ಲ ಎಂಬ ಒಂದು ಸೊಕ್ಕು ನನಗೆ ಮೊದಲಿನಿಂದಲೂ ಉಂಟು, ಈಗಲೂ ಉಂಟು, ಮುಚ್ಚಿಡುವುದಿಲ್ಲ.

ನಾನು ಆಳಂದದವಳು. ಹಳ್ಳಿಗಳಿಗೆ ಫೈಬರ್ ತಂತಿ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಕಂಬ ಹತ್ತುವುದು, ಹರಿದ ತಂತಿ ಬೆಸೆಯುವುದು, ಮನೆಯೊಳಗೆ ರೌಟರ್ ಕೂಡಿಸುವುದು, ಆಫೀಸಿನಲ್ಲಿ ಕೂತು ಯಾರ ಸಂಪರ್ಕ ಎಲ್ಲಿ ಕಡಿದಿದೆ ಎಂದು ನೋಡುವುದು, ಎಲ್ಲವೂ ನನ್ನ ಪಾಲಿಗೆ. ಹೆಂಗಸು ಕಂಬ ಹತ್ತಿದರೆ ಜನ ನಿಂತು ನೋಡುತ್ತಾರೆ. ನೋಡಲಿ ಬಿಡಿ ಎಂದು ನಾನು ಇನ್ನೊಂದು ಮೊಳ ಮೇಲೇ ಹತ್ತುತ್ತೇನೆ.

ಈ ಕ್ಯಾಮೆರಾ ಹುಟ್ಟಿದ್ದು ಕಾವಲುಗಾರನ ಹೆಂಡತಿಯಿಂದ. ಸೊನ್ನದ ಬ್ಯಾರೇಜಿನ ಕೆಳಗಡೆಯ ಒಂದು ಹಳ್ಳಿ ಅವರದು. ಪ್ರವಾಹದ ಸಲುವಾಗಿ ಊರಿನ ಬಹುಪಾಲು ಮಂದಿ ಮೂರು ಕಿಲೋಮೀಟರ್ ದೂರದ ದಿಬ್ಬಕ್ಕೆ ಹೋಗಿ ಹೊಸ ಊರು ಕಟ್ಟಿಕೊಂಡಿದ್ದರು. ಹಳೇ ಊರಿನಲ್ಲಿ ಎತ್ತರದ ಜಾಗದಲ್ಲಿದ್ದ ಏಳೆಂಟು ಮನೆಗಳಷ್ಟೇ ಉಳಿದಿದ್ದವು. ಹನ್ನೊಂದು ಮನೆತನದವರ ಮೋಟಾರುಗಳು ಹೊಳೆಯ ಅಂಚಿನ ಕಲ್ಲುಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಮೇಲಿಂದ ನೀರು ಬಿಡುವ ಸೂಚನೆಯೇನೋ ಬರುತ್ತದೆ. ಆದರೆ ಆ ನೀರು ನಮ್ಮ ಕಟ್ಟೆಗೆ ಯಾವ ಗಳಿಗೆಗೆ, ಎಷ್ಟು ಏರುತ್ತದೆ ಎಂದು ಸೂಚನೆಯಲ್ಲಿ ಇರುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಕಾವಲುಗಾರ ಕಟ್ಟೆಯ ಮೇಲೇ ಕೂತು ನೀರು ನೋಡುತ್ತಿದ್ದ. ಹಿಂದಿನ ವರ್ಷ ಹೀಗೆ ಕೂತವನು, ಕೊನೆಯ ಮೋಟಾರಿನ ನಟ್ಟು ಬಿಚ್ಚುವಾಗ ಕಾಲು ಜಾರಿ ಹೊಳೆಗೆ ಬಿದ್ದಿದ್ದ. ಹಗ್ಗ ಕೈಗೆ ಸಿಕ್ಕಿದ್ದರಿಂದ ಉಳಿದ. ಎಡಗಾಲಿನ ಮೊಣಕಾಲು ಮಾತ್ರ ಮೊದಲಿನಂತೆ ಆಗಲಿಲ್ಲ.

ರೈತರ ಗುಂಪಿನ ಹಿರಿಯರ ಜೊತೆ ಅವನ ಹೆಂಡತಿಯೂ ನಮ್ಮ ಆಫೀಸಿಗೆ ಬಂದಿದ್ದಳು. ಗಂಡಸರು ಕಳ್ಳರ ಕಾಟ, ಕೇಬಲ್ ಕಳವು ಎಂದೆಲ್ಲ ಹೇಳಿದರು. ಅವರ ಮಾತು ಮುಗಿಯುವವರೆಗೂ ಆಕೆ ಸುಮ್ಮನೆ ನಿಂತಿದ್ದು, ಆಮೇಲೆ ನನ್ನ ಕಡೆಗಷ್ಟೇ ನೋಡಿ ಹೇಳಿದಳು:

“ಅಕ್ಕಾ, ಮೋಟಾರ್ ಹೋದ್ರ ಇನ್ನೊಂದ್ ಬರ್ತದ. ನನ್ನ ಗಂಡ ಇನ್ನ ಮ್ಯಾಲ ಹೊಳಿ ಬಂದಾಗ ಹೊಳ್ಯಾಗ ಇರಬಾರ್ದು. ಅಷ್ಟ ಮಾಡಿಕೊಡ್ರಿ.”

“ಮಾಡಿಕೊಡ್ತೇನಿ” ಎಂದೆ. ಎಷ್ಟು ಹಗುರವಾಗಿ ಅಂದುಬಿಟ್ಟೆ ಎಂದು ಆಮೇಲೆ ಎಷ್ಟೋ ಸಲ ನೆನಪಾಗಿದೆ.

ಕೆಲಸ ದೊಡ್ಡದೇನೂ ಇರಲಿಲ್ಲ. ಕಟ್ಟೆಯ ಪಕ್ಕ, ಅದಕ್ಕಿಂತ ಎತ್ತರದಲ್ಲಿದ್ದ ಮೋಟಾರು ಕೋಣೆಯ ಗೋಡೆಗೆ ಕ್ಯಾಮೆರಾ. ಅದರ ಎದುರಿಗೆ ನೀರಿನಲ್ಲಿ ನೆಟ್ಟ ಕಬ್ಬಿಣದ ಕಂಬಕ್ಕೆ ಬಿಳಿ ಬಣ್ಣ ಬಳಿದು ಮೂರು ಕೆಂಪು ಪಟ್ಟಿ. ನೀರು ಮೂರನೇ ಪಟ್ಟಿ ಮುಟ್ಟಿತೆಂದರೆ ಮೋಟಾರು ಎತ್ತಬೇಕು. ಅಲ್ಲಿಂದ ಹಳೇ ಊರಿನ ಮೊದಲ ಮನೆಗೆ ಕೇಬಲ್ಲು. ಆ ಮನೆಯಲ್ಲಿ ನಮ್ಮ ರೌಟರ್, ಅದರ ಪಕ್ಕ ಗುಂಪಿನವರು ಯಾರಿಂದಲೋ ಹಳೆಯದು ತಂದ ರೆಕಾರ್ಡರ್ ಪೆಟ್ಟಿಗೆ. ಆ ಪೆಟ್ಟಿಗೆ ಎಷ್ಟು ಹಳೆಯದೆಂದರೆ ಹೊರಗಿನಿಂದ ನೋಡಬೇಕಾದರೆ ಆ ಮನೆಯ ಇಂಟರ್ನೆಟ್ ವಿಳಾಸವನ್ನೇ, ಅಂದರೆ ಐಪಿ ನಂಬರನ್ನೇ, ಫೋನಿನಲ್ಲಿ ಹೊಡೆಯಬೇಕು. ನಾನು ನಂಬರು ನೋಡಿ ಕಾವಲುಗಾರನ ಫೋನಿಗೆ ಹಾಕಿಕೊಟ್ಟೆ. ಹೊಸ ಊರಿನ ತನ್ನ ಪಡಸಾಲೆಯಲ್ಲಿ ಕೂತು ಅವನು ಹೊಳೆ ನೋಡಿದ. ಅವನ ಹೆಂಡತಿ ನನಗೆ ಮಂಡಾಳ, ಅಂದರೆ ಮಂಡಕ್ಕಿಯ, ಒಗ್ಗರಣೆ ಮಾಡಿ ಕೊಟ್ಟಳು. ಇಷ್ಟೇ ಆಗಿತ್ತು.

ಯುಗಾದಿಯ ಮರುದಿನ ಸ್ಕೂಟಿ ಹತ್ತಿ ಹೋದೆ. ಕ್ಯಾಮೆರಾ ಗಟ್ಟಿಮುಟ್ಟಾಗಿತ್ತು. ರೆಕಾರ್ಡರ್ ಓಡುತ್ತಿತ್ತು. ಆ ಮನೆಯ ಹುಡುಗರು ನಮ್ಮದೇ ಇಂಟರ್ನೆಟ್ಟಿನಲ್ಲಿ ಕ್ರಿಕೆಟ್ಟು ನೋಡುತ್ತಿದ್ದರು. ಬದಲಾಗಿದ್ದು ಒಂದೇ, ಮನೆಯ ನಂಬರು. ನಾನು ಬರೆದುಕೊಟ್ಟ ನಂಬರೇ ಬೇರೆ, ರೌಟರಿನಲ್ಲಿ ಈಗ ಇದ್ದ ನಂಬರೇ ಬೇರೆ.

ಕಾವಲುಗಾರ ಒಪ್ಪಲಿಲ್ಲ. ನನ್ನನ್ನು ಮೋಟಾರು ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ಮೇಲೆ, ರೈತರ ಗುಂಪಿನ ಹೆಸರಿನ ಕೆಳಗೆ, ಪೇಂಟರನ್ನು ಕರೆಸಿ ದಪ್ಪ ಕೆಂಪು ಅಕ್ಷರದಲ್ಲಿ ಆ ನಂಬರು ಬರೆಸಿದ್ದರು. ಚುಕ್ಕೆಗಳನ್ನೂ ಬಿಟ್ಟಿರಲಿಲ್ಲ.

“ಅಲ್ರಿ ಮೇಡಂ, ಸರ್ವೇ ನಂಬರ್ ಬದಲಿ ಆಗತದೇನ್ರಿ? ನಮ್ಮ ಮುತ್ಯಾನ ಕಾಲದಿಂದ ನಮ್ಮ ಹೊಲದ್ದು ಅದೇ ನಂಬರ್ ಅದ.”

ನಗು ತಡೆದುಕೊಂಡೆ. “ಇದು ಹೊಲದ ನಂಬರ್ ಅಲ್ಲಣ್ಣಾ, ಬಸ್ಸಿನ ಸೀಟು. ನೀವು ಆಳಂದ ಬಸ್‌ಸ್ಟ್ಯಾಂಡಿನಾಗ ಕಿಟಕಿಲೆ ಟವೆಲ್ ಒಗದು ಸೀಟ್ ಹಿಡೀತೀರಿ. ಬಸ್ಸಿನಾಗ ಇರೋತನಾ ಅದು ನಿಮ್ದು. ಇಳದು ಟವೆಲ್ ತಗೊಂಡು ಹೋದ್ರ, ಹೊಳ್ಳಿ ಬರೋದ್ರಾಗ ಬ್ಯಾರೆವ್ರು ಕುಂತಿರ್ತಾರ. ಆಗ ಯಾವ್ದು ಖಾಲಿ ಅದನೋ ಅದ್ರಾಗ ಕೂಡಬೇಕು.”

ನಡೆಯುವುದೂ ಹೀಗೇ. ನಮ್ಮ ಸಂಸ್ಥೆಯ ಹತ್ತಿರ ಇರುವ ನಂಬರುಗಳಿಗಿಂತ ಮನೆಗಳು ಹೆಚ್ಚು. ಆದ್ದರಿಂದ ಯಾರ ರೌಟರ್ ಚಾಲು ಇದೆಯೋ ಅವರಿಗೆ ಖಾಲಿ ಇದ್ದುದನ್ನು ಕೊಡುತ್ತೇವೆ. ರೌಟರ್ ಬಂದ್ ಆದರೆ ನಂಬರು ನಮ್ಮ ಸಂಸ್ಥೆಗೆ ವಾಪಸು ಬರುತ್ತದೆ, ಇನ್ನೊಂದು ಮನೆಗೆ ಹೋಗುತ್ತದೆ. ಮತ್ತೆ ಚಾಲು ಮಾಡಿದಾಗ ಹಳೆಯದೇ ಸಿಗುತ್ತದೆಂಬ ಭರವಸೆ ಇಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಸುಲಭದ ದಾರಿ ಹಿಡಿದಿದ್ದೆ. ಕರೆಂಟು ಹೋಗಿ ಬಂದಿರಬೇಕು ಎಂದುಕೊಂಡು ಹೊಸ ನಂಬರು ಹಾಕಿಕೊಟ್ಟು ಬಂದೆ. ಅವರು ಗೋಡೆಯ ಹಳೆಯದರ ಮೇಲೆ ಗೀಟು ಹೊಡೆದು ಕೆಳಗೆ ಹೊಸದನ್ನು ಬರೆಸಿದರು.

ಒಂದು ತಿಂಗಳಿಗೆ ಮತ್ತೆ ಫೋನು. ಈ ಸಲ ರೌಟರಿಗೆ ಸಣ್ಣ ಬ್ಯಾಟರಿ ಪೆಟ್ಟಿಗೆ ಜೋಡಿಸಿದೆ, ಕರೆಂಟು ಹೋದರೂ ನಾಲ್ಕು ತಾಸು ನಡೆಯುವಂಥದ್ದು. ಇನ್ನು ನೀವು ನನ್ನನ್ನು ಮರೆತೇ ಬಿಡುತ್ತೀರಿ ಎಂದು ಕಾವಲುಗಾರನಿಗೆ ಹೇಳಿದೆ. ಅವನು ಮರೆಯಲಿಲ್ಲ. ಮುಂದಿನ ತಿಂಗಳು ಮತ್ತೆ ಕರ್ರಗೆ. ಗೋಡೆಯ ಮೇಲೆ ನಾಲ್ಕನೇ ನಂಬರು.

ಆಫೀಸಿನಲ್ಲಿ ಆ ಮನೆಯ ದಾಖಲೆ ತೆಗೆದು ನೋಡಿದೆ. ದಿನಗಟ್ಟಲೆ ಸಂಪರ್ಕ ಅಲುಗಾಡಿರಲಿಲ್ಲ. ತಿಂಗಳಿಗೊಮ್ಮೆ ಮಾತ್ರ, ಬೆಳಿಗ್ಗೆ ಏಳರ ಸುಮಾರಿಗೆ ಕಡಿದು, ಮರುದಿನ ಬೆಳಿಗ್ಗೆ ವಾಪಸು ಬಂದಿತ್ತು. ಒಂದು ಹಗಲು, ಒಂದು ರಾತ್ರಿ, ಪೂರಾ ಬಂದ್. ತಂತಿ ದೋಷ ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ. ದಾರಿಯ ಎಲ್ಲ ಬೆಸುಗೆಗಳನ್ನು ತೆರೆದು ನೋಡಿದೆ, ಬೆಳಕಿನ ಬಲ ಅಳೆದೆ, ರೌಟರನ್ನೇ ಬದಲಿಸಿದೆ. ಸುಮಾರು ಇಪ್ಪತ್ತೊಂಬತ್ತು ಮೂವತ್ತು ದಿನದ ಅಂತರ ಕಣ್ಣೆದುರಿಗೇ ಇತ್ತು. ನನಗೆ ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಎಂದರೆ, ನಮ್ಮದು ಬೌದ್ಧರ ಮನೆ. ನಮ್ಮವ್ವ ಕ್ಯಾಲೆಂಡರಿನಲ್ಲಿ ಹುಣ್ಣಿಮೆಗೆ ಗುರುತು ಹಾಕುತ್ತಾಳೆ, ಅವತ್ತು ವಂದನೆ, ಖೀರು. ಉಳಿದ ದಿನಗಳೆಲ್ಲ ನಮಗೆ ಕೆಲಸದ ದಿನಗಳೇ.

ಮುಂದಿನ ಸಲ ಸಂಪರ್ಕ ಕಡಿದ ಗಳಿಗೆಗೇ ಹೋಗಿ ಹಿಡಿಯಬೇಕೆಂದು ನಿಶ್ಚಯಿಸಿದೆ. ಜೂನಿನ ಕೊನೆಗೆ ಒಂದು ಬೆಳಿಗ್ಗೆ ಏಳೂವರೆಗೆ ಆಫೀಸಿನ ಪರದೆಯಲ್ಲಿ ಆ ಮನೆಯ ಹಸಿರು ಚುಕ್ಕೆ ಕೆಂಪಾಯಿತು. ಚಹಾ ಅರ್ಧಕ್ಕೇ ಬಿಟ್ಟು ಓಡಿದೆ.

ಆ ಮನೆಯ ಯಜಮಾನಿಕೆ ಆಯಿಯದು. ಆಯಿ ಅಂದರೆ ಅಜ್ಜಿ. ಮೂವರು ಸೊಸೆಯಂದಿರು, ಮೊಮ್ಮಕ್ಕಳ ಒಂದು ದಂಡು, ನಾಲ್ಕು ಎತ್ತು, ಒಂದು ಟ್ರ್ಯಾಕ್ಟರು, ಎಲ್ಲವೂ ಆಕೆಯ ಒಂದು ಕೂಗಿಗೆ ನಡೆಯುತ್ತಿದ್ದವು. ಹೊಸ್ತಿಲು ದಾಟಿದವಳು ಅಲ್ಲೇ ನಿಂತೆ. ಪಡಸಾಲೆಯ ಗೋಡೆಯ ಮಾಡದಲ್ಲಿ ಹಸಿಮಣ್ಣಿನ ಎತ್ತುಗಳನ್ನು ಮಾಡಿ ಕೂಡಿಸಿದ್ದರು. ಅವುಗಳ ಪಕ್ಕದಲ್ಲಿ ನಮ್ಮ ಬಿಳಿ ರೌಟರ್. ಧೂಳೆಲ್ಲ ಒರೆಸಿ, ಎರಡೂ ಆಂಟೆನಾ ಕೋಡುಗಳಿಗೆ ವಿಭೂತಿ ಪಟ್ಟೆ ಎಳೆದು, ಹಣೆಗೆ ಕುಂಕುಮ ಇಟ್ಟಿದ್ದರು. ಮುಂದೆ ಬಾಳೆಯೆಲೆಯ ತುಂಡಿನಲ್ಲಿ ಕಡಬು. ನಾನು ಜೋಡಿಸಿದ್ದ ಬ್ಯಾಟರಿ ಪೆಟ್ಟಿಗೆಯನ್ನೂ ಬಿಡಿಸಿ, ಅದಕ್ಕೂ ಒಂದು ಕುಂಕುಮ ಹಚ್ಚಿ ಅದರ ಬಗಲಿಗೆ ಮಲಗಿಸಿದ್ದರು.

“ಆಯೀ, ಇದನ್ಯಾಕ ಬಂದ್ ಮಾಡೀರಿ?”

“ಇವತ್ತ ಮಣ್ಣೆತ್ತಿನ ಅಮಾಸಿ ಅಲ್ಲೇನ್ಬೇ? ಅಮಾಸಿಗಿ ಯಾರನ್ನೂ ದುಡಸಂಗಿಲ್ಲ, ಎತ್ತಿಗಿ ಬಿಟ್ಟೇವಿ, ಟ್ಯಾಕ್ಟರ್‌ಗೆ ಬಿಟ್ಟೇವಿ. ಇದೂ ಪಾಪ ಹಗಲೂರಾತ್ರಿ ಕಣ್ಣ ಮಿಟಕಸ್ಕೋತ ದುಡೀತದ. ಇದಕ್ಕೊಂದಿನ ಆರಾಮ ಬ್ಯಾಡೇನು?”

“ಪ್ರತಿ ಅಮಾಸಿ ಹಿಂಗೇ ಮಾಡ್ತೀರೇನು?”

“ನೀ ಹಚ್ಚಿ ಹೋದಾಗಿಂದ ಒಂದೂ ತಪ್ಪಿಸಿಲ್ಲ ನೋಡು.” ನಾನು ಮೆಚ್ಚಬೇಕು ಎಂಬ ದನಿಯಲ್ಲಿ ಹೇಳಿದಳು.

ನಾಲ್ಕು ತಿಂಗಳ ಬೆಸುಗೆ, ಅಳತೆ, ಬ್ಯಾಟರಿ, ಹೊಸ ರೌಟರ್! ಅಲ್ಲೇ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಯಾಕೆ ನಗುತ್ತಿದ್ದೇನೆಂದು ತಿಳಿಯದೆ ಸೊಸೆಯಂದಿರೂ ನಕ್ಕರು. ಆಯಿ ಮಾತ್ರ ನನಗೆ ಹಸಿವಾಗಿದೆ ಎಂದು ತಿಳಿದು ಎರಡು ಕಡಬು ತಂದಿಟ್ಟಳು.

ಬಂದ್ ಮಾಡಬೇಡಿ ಎಂದು ಹೇಳುವುದು ಸುಲಭವಿತ್ತು. ನಮ್ಮ ಮಾಲೀಕರು ಫೋನಿನಲ್ಲಿ ಅದನ್ನೇ ಹೇಳಿದರು, “ಮುದುಕಿಗಿ ತಿಳಿಸಿ ಹೇಳು, ಮುಗೀತು.” ನನಗೆ ಮನಸ್ಸಾಗಲಿಲ್ಲ. ಆಕೆ ನಾನು ತಂದ ಯಂತ್ರವನ್ನು ತನ್ನ ಎತ್ತುಗಳ ಸಾಲಿನಲ್ಲಿ ಕೂಡಿಸಿದ್ದಳು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಮರ್ಯಾದೆಯನ್ನು ನನ್ನ ಯಾವ ಯಂತ್ರಕ್ಕೂ ಯಾರೂ ಕೊಟ್ಟಿರಲಿಲ್ಲ. ಅಲ್ಲದೆ ಆಕೆ ಬಿಟ್ಟರೂ ಸಿಡಿಲು ಬಿಡುವುದಿಲ್ಲ, ಕರೆಂಟು ಬಿಡುವುದಿಲ್ಲ. ನಂಬರು ಬದಲಾಗುವುದೇ ಅದರ ಸ್ವಭಾವ. ಅದನ್ನು ಹಿಡಿದು ಕಟ್ಟಿಹಾಕುವ ಹಟವನ್ನು ನಾನೇ ಬಿಡಬೇಕಿತ್ತು.

ಅವತ್ತು ಮಧ್ಯಾಹ್ನ ಹೊಸ ಊರಿಗೆ ಹೋಗಿ ಕಾವಲುಗಾರನಿಗೂ ಅವನ ಹೆಂಡತಿಗೂ ಅಮಾಸಿಯ ಕತೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು.

“ನಮ್ಮ ತಮ್ಮ ಜೇವರ್ಗಿಯಾಂವ, ಟ್ರಕ್ ಹೊಡೀತಾನ್ರಿ. ವರ್ಷಕ್ಕ ಮೂರ್ ಸಿಮ್ ಬದಲಿ ಮಾಡ್ತಾನ. ನಾವೇನ್ ಅವನ ನಂಬರ್ ಹುಡಕೋತ ಹೋಗಂಗಿಲ್ರಿ. ಬದಲಿ ಆದ ದಿನ ಅವನೇ ಒಂದ್ ಮಿಸ್ಡ್ ಕಾಲ್ ಕೊಡ್ತಾನ. ನಿಮ್ಮ ಡಬ್ಬಿಗಿ ಅಷ್ಟೂ ತಿಳಿಯಂಗಿಲ್ಲೇನ್ರಿ?”

ನಾಚಿಕೆಯಾಯಿತು. ಆ ಡಬ್ಬಿಗೆ ಅಷ್ಟು ತಿಳಿಯುತ್ತದೆ. ರೌಟರಿನ ಒಳಗೇ ಅಂಥ ವ್ಯವಸ್ಥೆ ಇದೆ. ಹೊರಗಿನ ಒಂದು ಸೇವೆಯಲ್ಲಿ ನಮ್ಮದೊಂದು ಹೆಸರು ನೋಂದಾಯಿಸಬೇಕು. ರೌಟರಿಗೆ ಹೊಸ ನಂಬರು ಸಿಕ್ಕಾಗಲೆಲ್ಲ ಅದೇ ಹೋಗಿ ಆ ಹೆಸರಿನ ಮುಂದೆ ಹೊಸದನ್ನು ಬರೆಸಿ ಬರುತ್ತದೆ. ನಾವು ಫೋನಿನಲ್ಲಿ ಹೆಸರು ಹೊಡೆದರೆ ಸಾಕು. ಅರ್ಧ ತಾಸಿನ ಕೆಲಸ. ಅವಸರದಲ್ಲಿ, ಮುಂದೆ ಮಾಡಿದರಾಯಿತು ಎಂದು ನಾಲ್ಕು ತಿಂಗಳು ತಳ್ಳಿದ್ದೆ. ಅವತ್ತೇ ಮಾಡಿದೆ. ಕಾವಲುಗಾರ ಗೋಡೆಯ ನಂಬರುಗಳಿಗೆಲ್ಲ ಸುಣ್ಣ ಬಳಿಸಿದ. ಜುಲೈಯ ನಾಗರ ಅಮಾಸಿ ಬಂತು, ಆಯಿ ರೌಟರಿಗೆ ಹೂವೇರಿಸಿ ಮಲಗಿಸಿದಳು, ಮರುದಿನ ಚಾಲು ಮಾಡಿದಳು, ಹೊಳೆ ತಾನಾಗಿ ಫೋನಿನಲ್ಲಿ ಕಂಡಿತು. ನಾನು ಎರಡು ದಿನ ನೆಲದ ಮೇಲೆ ಕಾಲೂರಲಿಲ್ಲ.

ಬೀಗಿದ್ದು ಹೆಚ್ಚಾಯಿತು. ಆಗಸ್ಟಿನ ಮೊದಲ ವಾರ ಚಿತ್ರ ಮತ್ತೆ ಹೋಯಿತು. ಅಮಾಸಿ ಇನ್ನೂ ದೂರವಿತ್ತು. ರೌಟರ್ ಚಾಲು ಇತ್ತು, ಹೆಸರು ಸರಿಯಿತ್ತು. ರೌಟರಿನ ಒಳಗೆ ನೋಡಿದರೆ ನೂರರಿಂದ ಶುರುವಾಗುವ ಒಂದು ನಂಬರು. ಅದೇ ಮನೆಯಿಂದ ಹೊರಗಿನ ತಾಣವೊಂದಕ್ಕೆ ಹೋಗಿ ನನ್ನ ನಂಬರು ಯಾವುದು ಎಂದು ಕೇಳಿದರೆ ಇನ್ನೊಂದೇ ಹೇಳಿತು. ಎರಡೂ ಹೊಂದದಿದ್ದರೆ ಅರ್ಥ ಒಂದೇ, ಆ ನಂಬರು ಈ ಮನೆಯ ಸ್ವಂತದ್ದಲ್ಲ. ಓಡಿಹೋಗಿ ಮಾಲೀಕರನ್ನು ಕೇಳಿದೆ.

“ಹೌದವಾ, ಗಿರಾಕಿ ಹೆಚ್ಚಾಗ್ಯಾರ, ನಂಬರ್ ಸಾಲವಲ್ವು. ಮನಿ ಸಂಪರ್ಕ ಎಲ್ಲಾ ಕೂಡಿಸಿ ಒಂದೊಂದ್ ನಂಬರಿನ ಹಿಂದ ಹಾಕೇನಿ. ನಿನಗ ಹೇಳೋದು ಮರತೆ.”

ಅಂದರೆ ಈಗ ಆಯಿಯ ಮನೆಗೆ ಸ್ವಂತ ಸೀಟೇ ಇಲ್ಲ. ಹತ್ತಾರು ಮನೆಗಳು ಒಂದೇ ನಂಬರಿನ ಹಿಂದೆ. ಒಳಗಿನಿಂದ ಹೊರಗೆ ಹೋಗಲು ಯಾರಿಗೂ ತೊಂದರೆಯಿಲ್ಲ. ಕ್ರಿಕೆಟ್ಟು ಕಾಣುತ್ತದೆ. ಹೊರಗಿನಿಂದ ಬಂದು ಕದ ತಟ್ಟಿದರೆ ಯಾವ ಮನೆಗೆ ಎಂದು ಹೇಳುವವರಿಲ್ಲ. ಹೆಸರಿನ ಉಪಾಯ ಇಲ್ಲಿ ನಡೆಯುವುದಿಲ್ಲ.

ಹೊಳೆಯಲ್ಲಿ ಆಗಲೇ ಕೆಂಪುನೀರು ಬಂದಿತ್ತು. ಮೂರನೆಯ ದಿನ ಕಾವಲುಗಾರನ ಹೆಂಡತಿಯ ಫೋನು. ಆಕೆ ಯಾವತ್ತೂ ನನ್ನ ಜೊತೆ ದನಿ ಏರಿಸಿದವಳಲ್ಲ.

“ಅಕ್ಕಾ, ಅಂವ ಮತ್ತ ಕಟ್ಟಿಗಿ ಹೋಗಿ ಕುಂತಾನ್ರಿ. ಕುಂಟಕೋತ ಹೋಗ್ಯಾನ. ಕ್ಯಾಮೆರಾ ಇಲ್ಲಂದ್ರ ನಾ ಹೋಗಲೇಬೇಕು, ಮಂದಿ ನನ್ನ ನಂಬ್ಯಾರ ಅಂತಾನ. ನೀವು ಮಾಡಿಕೊಡ್ತೇನಿ ಅಂದಿದ್ರಿ ಅಕ್ಕಾ.”

ಇಂದೇ ನೋಡುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟೆ. ಒಬ್ಬ ಮನುಷ್ಯ ನನ್ನ ಕೆಲಸ ನಂಬಿ ಮನೆಯಲ್ಲಿ ಕೂತಿದ್ದ, ನನ್ನ ಕೆಲಸ ಕೈಕೊಟ್ಟಿದ್ದಕ್ಕೆ ಮತ್ತೆ ನೀರಿನ ಅಂಚಿಗೆ ಹೋಗಿದ್ದ.

ಮಾಲೀಕರ ಹತ್ತಿರ ಜಗಳಕ್ಕೇ ನಿಂತೆ. ಅವರು ಕೆಟ್ಟವರಲ್ಲ, ಮೂರು ದಿನ ಮೇಲಿನವರಿಗೆ ಫೋನು ಹಚ್ಚಿ ಆ ಮನೆಗೊಂದು ಕಾಯಂ ನಂಬರು ಗಿಟ್ಟಿಸಿಯೇ ಬಿಟ್ಟರು. ಚೀಟಿಯಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟರು. ಹೂಂ ಎನ್ನುವುದಷ್ಟೇ ಬಾಕಿ. ಚೀಟಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ಕೂತೆ. ಈ ನಂಬರು ಕಾಯಂ ನಿಜ, ಆದರೆ ನಮ್ಮ ತಂತಿ ಇರುವವರೆಗೆ ಮಾತ್ರ. ಹೊಳೆ ಬರುವ ದಿನ ಹಳೇ ಊರಿನ ದಾರಿಯ ಕಂಬಗಳು ನಿಲ್ಲುತ್ತವೆಂದು ನಾನು ಹೇಳಬಲ್ಲೆನೇ? ಆ ದಿನವೇ ಅಮಾಸಿ ಬಿದ್ದರೆ? ಎಲ್ಲ ದಿನ ನಡೆದು ಆ ಒಂದು ದಿನ ನಿಲ್ಲುವ ಕ್ಯಾಮೆರಾ ನನಗೆ ಬೇಡವಾಗಿತ್ತು.

ಒಳಗೆ ಹೋಗಿ ಚೀಟಿಯನ್ನು ವಾಪಸು ಇಟ್ಟೆ.

“ನಾ ಎಲ್ಲೆಲ್ಲಿ ಕೈಮುಗದು ತಂದೇನಿ, ಈಗ ಬ್ಯಾಡಂತೀ?” ಮಾಲೀಕರಿಗೆ ಸಿಟ್ಟು ಬರುವುದು ಸಹಜವೇ.

“ಬ್ಯಾಡ್ರಿ ಸರ್. ಹೊರಗಿನಿಂದ ಒಳಗ ಹೋಗೋದನ್ನೇ ಬಿಟ್ಟುಬಿಡ್ತೇನಿ. ಕ್ಯಾಮೆರಾನೇ ಹೊರಗ ಬಂದು ನಮಗ ಕೂಗಬೇಕು. ಯಾವ ದಾರಿ ಸಿಕ್ತದೋ ಆ ದಾರಿಲೆ.”

“ಎಷ್ಟ್ ದಿನ ಬೇಕು?”

“ಒಂದ್ ವಾರ ಕೊಡ್ರಿ.”

“ಹೊಳಿ ಕೊಡ್ತದೇನು ಕೇಳು” ಎಂದರು. ಆದರೆ ಅವರೇ ಅಂದು ಆಫೀಸಿನ ಉಳಿದ ಕೆಲಸದಿಂದ ನನ್ನನ್ನು ಬಿಡಿಸಿದರು.

ಅಂಗೈಯಗಲದ ಒಂದು ಸಣ್ಣ ಕಂಪ್ಯೂಟರ್ ತಂದೆ. ಅದಕ್ಕೆ ಒಂದು ಕಡೆ ಆಯಿಯ ಮನೆಯಿಂದ ಬರುವ ಕೇಬಲ್ಲು, ಇನ್ನೊಂದು ಕಡೆ ಮೊಬೈಲಿನ ಸಿಮ್ ಹಾಕಿದ ಡಾಂಗಲ್. ಹಳೆಯ ರೆಕಾರ್ಡರನ್ನು ಬಿಟ್ಟು ಕ್ಯಾಮೆರಾವನ್ನು ನೇರ ಇದಕ್ಕೇ ಜೋಡಿಸಿದೆ. ಎಲ್ಲವೂ ಮೋಟಾರು ಕೋಣೆಯಲ್ಲೇ, ಹಳೆಯ ಟ್ರ್ಯಾಕ್ಟರ್ ಬ್ಯಾಟರಿಯ ಮೇಲೆ. ಇಂಟರ್ನೆಟ್ಟಿನಲ್ಲಿ ಎಂದೂ ಬದಲಾಗದ ವಿಳಾಸವಿರುವ ಒಂದು ಸಣ್ಣ ಸರ್ವರನ್ನು ಬಾಡಿಗೆಗೆ ಹಿಡಿದೆ. ಈ ಪುಟ್ಟ ಕಂಪ್ಯೂಟರ್ ಚಾಲು ಆದೊಡನೆ ತಾನೇ ಹೊರಗೆ ಹೋಗಿ ಆ ಸರ್ವರಿಗೆ ಸಂಪರ್ಕ ಕಟ್ಟಿ, ಹಿಡಿದುಕೊಂಡಿರಬೇಕು. ಅದೇ ಸಂಪರ್ಕದೊಳಗಿಂದ ನಾವು ಕ್ಯಾಮೆರಾ ನೋಡುವುದು. ಇಲ್ಲಿ ಮನೆಯ ನಂಬರು ಯಾವುದಿದ್ದರೂ, ಹತ್ತು ಮನೆಯ ನಡುವೆ ಹಂಚಿದ್ದರೂ, ಯಾರಿಗೂ ತಿಳಿಯಬೇಕಾಗಿಲ್ಲ. ಇನ್ನೊಂದು ಲಾಭವೂ ಆಯಿತು. ಮೊದಲು ಕ್ಯಾಮೆರಾಕ್ಕೆಂದು ರೌಟರಿನಲ್ಲಿ ತೆರೆದಿಟ್ಟಿದ್ದ ಕಿಂಡಿಯನ್ನು ಯಾರ್ಯಾರೋ ಅಪರಿಚಿತರು ದಿನವೂ ತಟ್ಟಿ ಹೋಗುತ್ತಿದ್ದುದನ್ನು ದಾಖಲೆಯಲ್ಲಿ ನೋಡಿದ್ದೆ. ಗುಂಪಿನವರು ಇಟ್ಟಿದ್ದ ಪಾಸ್‌ವರ್ಡು ಒಂದು ಎರಡು ಮೂರು ನಾಲ್ಕು. ಆ ಕಿಂಡಿ ಮುಚ್ಚಿ, ನೋಡುವ ಅಧಿಕಾರವನ್ನು ನಾಲ್ಕೇ ಫೋನುಗಳಿಗೆ ಕೊಟ್ಟೆ.

ಮೊದಲ ಪರೀಕ್ಷೆಯಲ್ಲೇ ಮಣ್ಣುಮುಕ್ಕಿದೆ. ಇಲಿ ಹಲ್ಲಿ ನುಗ್ಗಬಾರದೆಂದು ನಮ್ಮವ್ವನ ದೊಡ್ಡ ಸ್ಟೀಲ್ ಡಬ್ಬಿ ತಂದು ಅದರಲ್ಲಿ ಎಲ್ಲವನ್ನೂ ಇಟ್ಟು ಮುಚ್ಚಿದ್ದೆ. ಸಿಮ್ಮಿಗೆ ಸಿಗ್ನಲ್ಲೇ ಇಲ್ಲ. ಮುಚ್ಚಳ ತೆಗೆದರೆ ಬರುತ್ತದೆ, ಹಾಕಿದರೆ ಹೋಗುತ್ತದೆ. ಲೋಹದ ಡಬ್ಬಿಯೊಳಗೆ ಸಿಗ್ನಲ್ ನುಗ್ಗುವುದಿಲ್ಲ ಎಂದು ಊರಿಗೆಲ್ಲ ಹೇಳುವವಳು ನಾನೇ. ಡಬ್ಬಿಯನ್ನು ಅವ್ವನಿಗೆ ಮರಳಿಸಿ ಪ್ಲಾಸ್ಟಿಕ್ಕಿನದು ತಂದೆ.

ಎರಡನೆಯದು ಕಠಿಣವಿತ್ತು. ಆಯಿಯ ಮನೆಯ ಕೇಬಲ್ ಕಿತ್ತರೆ ಪುಟ್ಟ ಕಂಪ್ಯೂಟರ್ ಸಿಮ್ಮಿನ ದಾರಿಗೆ ಹೊರಳಬೇಕು. ಹೊರಳಲಿಲ್ಲ. ಸತ್ತ ಸಂಪರ್ಕವನ್ನೇ ಜೀವಂತವಿದೆ ಎಂದು ನಂಬಿ ಇಪ್ಪತ್ತು ನಿಮಿಷ ಕೂತಿತ್ತು. ಪ್ರತಿ ಹತ್ತು ಸೆಕೆಂಡಿಗೊಮ್ಮೆ ಸರ್ವರಿಗೆ ‘ಇದ್ದೀಯಾ’ ಎಂದು ಕೇಳು, ಮೂರು ಸಲ ಉತ್ತರ ಬರದಿದ್ದರೆ ಬಿಟ್ಟು ಹೊಸದಾಗಿ ಕಟ್ಟು ಎಂದು ಬರೆದೆ. ಆಗಲೂ ಸೋತೆ, ಏಕೆಂದರೆ ಅತ್ತ ಸರ್ವರ್ ಹಳೆಯದನ್ನು ಬಿಡದೆ ಜಾಗ ಹಿಡಿದಿಟ್ಟಿತ್ತು. ಅದಕ್ಕೂ ಅದೇ ನಿಯಮ ಹಾಕಬೇಕೆಂದು ತಿಳಿಯಲು ಒಂದು ಪೂರಾ ದಿನ ಹಿಡಿಯಿತು. ಆಮೇಲೆ ಕೇಬಲ್ ಕಿತ್ತೆ, ಜೋಡಿಸಿದೆ, ಬ್ಯಾಟರಿ ಬಿಡಿಸಿದೆ, ಮತ್ತೆ ಹಾಕಿದೆ. ಮೂವತ್ತು ಸಲ ಕಡಿದರೆ ಮೂವತ್ತು ಸಲವೂ ಚಿತ್ರ ಮರಳಿ ಬಂತು. ಅಷ್ಟೂ ದಿನ ಕಾವಲುಗಾರ ಕಟ್ಟೆಯ ಮೇಲೆ ಕೂತು ನನ್ನನ್ನೂ ಹೊಳೆಯನ್ನೂ ನೋಡುತ್ತಿದ್ದ. ಏಳನೆಯ ದಿನ ಸಂಜೆ ನಾಲ್ಕಕ್ಕೆ ಅವನಿಗೆ ಹೇಳಿದೆ, “ಏಳಣ್ಣಾ, ಮನಿಗಿ ಹೋಗ್ರಿ.”

ಅವನು ನನ್ನ ಮುಖ ನೋಡಿದ. “ಖರೇನಾ?” ಎಂದ.

“ಖರೇ. ಬರೇ ನನ್ನ ಮಾತಲ್ಲ, ಮೂವತ್ತು ಸಲ ಕಡದು ನೋಡೇನಿ.”

ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದ.

ಶ್ರಾವಣದ ಕೊನೆಯ ದಿನ, ಬೆನಕನ ಅಮಾಸಿ. ನಾನು ಅವತ್ತು ಬೆಳಿಗ್ಗೆಯೇ ಜೇವರ್ಗಿ ಕಡೆ ಇಜೇರಿಗೆ ಹೋಗಿದ್ದೆ, ಹರಿದ ತಂತಿ ಬೆಸೆಯಲು. ಮೇಲೆ ಮಹಾರಾಷ್ಟ್ರದ ಕಡೆ ನಾಲ್ಕು ದಿನದಿಂದ ಮಳೆ, ನೀರು ಬಿಡುವ ಸೂಚನೆ ಹಿಂದಿನ ದಿನವೇ ಬಂದಿತ್ತು. ಏಣಿ ಹತ್ತುವ ಮೊದಲು ಫೋನು ತೆಗೆದು ನೋಡಿದೆ. ನೀರು ಎರಡನೇ ಪಟ್ಟಿ ದಾಟಿತ್ತು. ನೋಡುತ್ತಿದ್ದಂತೆಯೇ ಚಿತ್ರ ನಿಂತಿತು. ಸಮಯ ನೋಡಿದರೆ ಏಳು ದಾಟಿ ಹತ್ತು ನಿಮಿಷ. ಆಯಿ ರೌಟರನ್ನು ಆರಾಮಕ್ಕೆ ಮಲಗಿಸಿದ್ದಳು.

ಅರ್ಧ ನಿಮಿಷ ಬೇಕು, ಬಹಳವೆಂದರೆ ಒಂದು ನಿಮಿಷ. ಒಂದು ನಿಮಿಷವಾಯಿತು. ಎರಡಾಯಿತು. ಏಣಿ ಹತ್ತದೆ ಪರದೆಯನ್ನೇ ನೋಡುತ್ತ ನಿಂತೆ. ಅತ್ತ ಹೊಸ ಊರಿನ ಮನೆಯಲ್ಲಿ ಒಬ್ಬ ಮನುಷ್ಯ ಇದೇ ಕರ್ರಗಿನ ಪರದೆ ನೋಡುತ್ತಿರುತ್ತಾನೆ, ಇನ್ನೊಂದು ಗಳಿಗೆ ನೋಡಿ ಕುಂಟುತ್ತ ಎದ್ದುಬಿಡುತ್ತಾನೆ. ಫೋನು ಹಚ್ಚಿ ತಡೆಯಲೇ ಎಂದುಕೊಂಡೆ. ತಡೆದು ಏನು ಹೇಳಲಿ? ಮೂರನೆಯ ನಿಮಿಷಕ್ಕೆ ಪರದೆ ಒಮ್ಮೆ ಬಿಳುಪಾಗಿ ಹೊಳೆ ಬಂತು. ಮಳೆಗೆ ಸಿಗ್ನಲ್ಲು ತೆಳ್ಳಗಾಗಿದ್ದರಿಂದ ಚಿತ್ರ ಸ್ವಲ್ಪ ತಡವರಿಸುತ್ತಿತ್ತು, ಆದರೆ ನಿಂತಿರಲಿಲ್ಲ. ಕೆಂಪುನೀರು, ಬಿಳಿ ಕಂಬ, ಮೂರನೇ ಪಟ್ಟಿಯ ಅಂಚು ನೆನೆಯುತ್ತಿತ್ತು.

ಕಾವಲುಗಾರನಿಗೆ ಫೋನು ಹಚ್ಚಿದರೆ ಆಗಲೇ ಬೇರೆ ಕರೆಯಲ್ಲಿದ್ದ. ಅವನೂ ನೋಡಿದ್ದ. ಮನೆಯಿಂದಲೇ ಹನ್ನೊಂದು ಮನೆಗಳಿಗೆ ಫೋನು ಹೋಯಿತು. ಕಟ್ಟೆಯಲ್ಲಿ ಇನ್ನೂ ಕಾಲೂರಲು ಒಣ ಜಾಗವಿತ್ತು. ಎಂಟು ಗಟ್ಟಿ ಆಳುಗಳು ಹಗಲು ಬೆಳಕಿನಲ್ಲಿ, ಅವಸರವಿಲ್ಲದೆ ನಟ್ಟು ಬಿಚ್ಚಿದರು, ಸರಪಳಿ ಕಟ್ಟಿದರು. ಆಯಿ ಅಮಾಸಿ ಎಂಬುದನ್ನೂ ನೋಡದೆ ತನ್ನ ಟ್ರ್ಯಾಕ್ಟರನ್ನು ತಾನೇ ಹೊರಡಿಸಿದಳಂತೆ. “ಆರಾಮ ನಾಳಿಗಿ ಕೊಟ್ರಾಯ್ತು” ಅಂದಳಂತೆ. ನಾನು ಇಜೇರಿಯ ಕಂಬದ ಮೇಲೆ, ಒಂದು ಕೈಯಲ್ಲಿ ತಂತಿ, ಎದೆಗೆ ಸಿಕ್ಕಿಸಿದ ಫೋನಿನಲ್ಲಿ ಒಂದೊಂದೇ ಮೋಟಾರು ಚಿತ್ರದಿಂದ ಹೊರಗೆ ಹೋಗುವುದನ್ನು ಎಣಿಸಿದೆ. ಹನ್ನೊಂದೂ ಹೋದವು. ಹನ್ನೊಂದು ಗಂಟೆಯ ಸುಮಾರಿಗೆ ಕಟ್ಟೆ ಮುಳುಗಿತು. ಮಧ್ಯಾಹ್ನ ಹಳೇ ಊರಿನ ದಾರಿಯ ನಮ್ಮ ಎರಡು ಕಂಬಗಳೂ ಉರುಳಿದವು. ಮಾಲೀಕರು ಫೋನು ಮಾಡಿ, “ಆ ಕಾಯಂ ನಂಬರ್ ಇದ್ದಿದ್ರ ಈಗ ಕಂಬದ ಜೋಡಿ ನೀರಾಗ ಇರ್ತಿತ್ತು ನೋಡು” ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಶಹಭಾಸ್‌ಗಿರಿ ಬರುವುದಿಲ್ಲ, ನನಗೆ ಅದು ಸಾಕು.

ಸಂಜೆಗೆ ಕಾವಲುಗಾರನ ಹೆಂಡತಿಗೆ ನಾನೇ ಫೋನು ಮಾಡಿದೆ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

“ಅಣ್ಣ ಎಲ್ಲಿ ಅದಾನ?”

“ಊಟಕ್ಕ ಕುಂತಾನ್ರಿ.” ಪಾತ್ರೆಗಳ ಸದ್ದು ನಿಂತಿತು. ಆಮೇಲೆ ದನಿ ತಗ್ಗಿಸಿ ಹೇಳಿದಳು, “ಅಕ್ಕಾ, ಹೊಳಿ ಬಂದದ, ನನ್ನ ಗಂಡ ಮನ್ಯಾಗ ಅದಾನ. ನನ್ನ ಲಗ್ನ ಆಗಿ ಹದಿನಾಕ್ ವರ್ಷಾಯ್ತು, ಇದೇ ಮೊದಲ ಸಲ.”